ಗೂಡು ದೊಡ್ಡದಾದರೆ ಮೊಟ್ಟೆ ಜಾಸ್ತಿಯಾಗುತ್ತಾ? ಮಡಕೆ, ಪೆಟ್ಟಿಗೆ, ಬುಟ್ಟಿ ಬದಲಿಸಿ ನೋಡಿದ ನನ್ನ ಅನುಭವ

ಬಡ್ಜಿ ಅನ್ನೋ ಪಂಜರದ ಹಕ್ಕಿ ಸಾಕಲು ಶುರು ಮಾಡಿದವರು ತಿಂಗಳೊಳಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಅಣ್ಣಾ, ಇನ್ನೂ ಸ್ವಲ್ಪ ದೊಡ್ಡ ಮಡಕೆ ಕಟ್ಟಿದರೆ ಮೊಟ್ಟೆ ಜಾಸ್ತಿ ಇಡ್ತಾವಾ?" ಮನೆ ದೊಡ್ಡದಿದ್ದರೆ ನೆಂಟರು ಜಾಸ್ತಿ ಬರುತ್ತಾರೆ ಅನ್ನೋ ಲೆಕ್ಕ. ನನಗೂ ಅದೇ ಕುತೂಹಲ ಇತ್ತು. ಹಾಗಾಗಿ ತುಮಕೂರಿನ ನಮ್ಮ ಮನೆಯ ತಾರಸಿಯಲ್ಲಿ, ಶೀಟಿನ ಕೆಳಗಿನ ಪಂಜರಗಳಲ್ಲಿ, ಗೂಡಿನ ಅಳತೆ ಬದಲಿಸುತ್ತಾ, ಮೊಟ್ಟೆ ಎಣಿಸುತ್ತಾ, ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಗೂಡು ಇಕ್ಕಟ್ಟಾದರೆ ಕೆಲಸ ಕೆಡುತ್ತದೆ. ಸಾಕಷ್ಟು ಜಾಗ ಸಿಕ್ಕ ಮೇಲೆ ಇನ್ನೂ ದೊಡ್ಡದು ಮಾಡಿದರೆ ಮೊಟ್ಟೆ ಹೆಚ್ಚುವುದಿಲ್ಲ, ಉಳಿಯುವ ಮರಿ ಹೆಚ್ಚಬಹುದು ಅಷ್ಟೇ.

ನನ್ನ ಹತ್ತಿರ ಇರುವುದು ಬಡ್ಜಿ, ಜೀಬ್ರಾ ಫಿಂಚ್, ಬೆಂಗಾಲೀಸ್ ಫಿಂಚ್. ಫಿಂಚ್ ಅಂದರೆ ಕಾಳು ತಿನ್ನುವ ಪುಟ್ಟ ಹಕ್ಕಿ. ಬಡ್ಜಿಯನ್ನು ಅಂಗಡಿಯವರು ಲವ್ ಬರ್ಡ್ಸ್ ಅಂತ ಮಾರುತ್ತಾರೆ, ನಿಜವಾದ ಲವ್ ಬರ್ಡ್ ಬೇರೆ, ಅದು ಆಫ್ರಿಕಾದ್ದು. ಬಡ್ಜಿ, ಜೀಬ್ರಾ ಫಿಂಚ್ ಎರಡೂ ಆಸ್ಟ್ರೇಲಿಯಾ ಮೂಲದವು. ಬೆಂಗಾಲೀಸ್ ಪಂಜರದಲ್ಲೇ ರೂಪುಗೊಂಡ ತಳಿ, ಕಾಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ನಾಡಿನ ಮುನಿಯಾ, ಗಿಳಿ ಇವನ್ನೆಲ್ಲ ಸಾಕಲು ಹೋಗಬೇಡಿ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಡು ಹಕ್ಕಿಯ ಗೂಡು, ಮೊಟ್ಟೆ ಮುಟ್ಟಿ ಕೆಡಿಸುವುದೂ ಅಪರಾಧವೇ. ಆದ್ದರಿಂದ ಈ ಗೂಡು ಬದಲಿಸುವ ಆಟವೆಲ್ಲ ಪಂಜರದ ಹಕ್ಕಿಗಳ ಜೊತೆ ಮಾತ್ರ.

ಹೋಲಿಸಿ ನೋಡುವುದು ಸುಲಭ ಅನ್ನಿಸುತ್ತದೆ. ಚಿಕ್ಕ ಮಡಕೆಯಲ್ಲಿ ನಾಲ್ಕು, ದೊಡ್ಡದರಲ್ಲಿ ಆರು, ಲೆಕ್ಕ ಮುಗೀತು ಅಂತ. ಆದರೆ ಹೆಣ್ಣು ಹಕ್ಕಿಯ ವಯಸ್ಸು ಏನು, ಇದು ಅದರ ಮೊದಲ ಸಲವಾ, ಎರಡನೆಯದಾ, ಚಳಿಗಾಲವಾ, ಬೇಸಿಗೆಯಾ, ಇದಕ್ಕೆಲ್ಲ ಮೊಟ್ಟೆ ಹೆಚ್ಚು ಕಡಿಮೆ ಆಗುತ್ತದೆ. ಮೊದಲ ಸಲ ಇಡುವ ಹೆಣ್ಣು ಸಾಮಾನ್ಯವಾಗಿ ಕಡಿಮೆ ಇಡುತ್ತದೆ, ಅದಕ್ಕೆ ಆ ಲೆಕ್ಕವನ್ನೇ ಬಿಟ್ಟೆ. ಒಂದೇ ಜೋಡಿಗೆ ಒಂದು ಸಲ ಚಿಕ್ಕದು, ಮುಂದಿನ ಸಲ ದೊಡ್ಡದು ಕೊಟ್ಟೆ. ಪಕ್ಕದ ಜೋಡಿಗೆ ತಿರುಗಾಮುರುಗಾ, ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಕಾಳು, ಸೊಪ್ಪು ಎಲ್ಲರಿಗೂ ಒಂದೇ. ಹೊಸ ಮೊಟ್ಟೆ ಕಂಡಾಗ ಮೆತ್ತನೆಯ ಪೆನ್ಸಿಲ್‌ನಿಂದ ಅದರ ಮೇಲೆ ಸಣ್ಣದಾಗಿ ನಂಬರ್ ಬರೆಯುತ್ತಿದ್ದೆ. ಪೆನ್ನು ಬೇಡ, ಚಿಪ್ಪಿಗೆ ತೂತು ಬೀಳುತ್ತದೆ. ನಂಬರ್ ಇದ್ದರೆ ಯಾವುದು ಮೊದಲು ಒಡೆಯಿತು, ಯಾವುದು ಕೊಳೆಯಿತು ಅಂತ ಆಮೇಲೆ ತಲೆ ಕೆರೆದುಕೊಳ್ಳುವ ಕೆಲಸ ಇರುವುದಿಲ್ಲ.

ಬಡ್ಜಿಯಿಂದ ಶುರು ಮಾಡೋಣ. ನಮ್ಮ ಕಡೆ ಎಲ್ಲರೂ ಕಟ್ಟುವುದು ಪಕ್ಕದಲ್ಲಿ ತೂತಿರುವ ಮಣ್ಣಿನ ಮಡಕೆ. ಅಗ್ಗ, ತಂತಿ ಸುತ್ತಿ ಜಾಲರಿಗೆ ಬಿಗಿದರೆ ಆಯಿತು. ನಾನು ಚಿಕ್ಕ ಮಡಕೆ, ಅದಕ್ಕಿಂತ ದೊಡ್ಡ ಮಡಕೆ, ಆಮೇಲೆ ತಳ ಆರು ಇಂಚು ಚದರ ಇರುವ ಮರದ ಪೆಟ್ಟಿಗೆ, ಈ ಮೂರನ್ನೂ ಕೊಟ್ಟು ನೋಡಿದೆ. ಬಡ್ಜಿ ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ದಿನ ಬಿಟ್ಟು ದಿನ ಒಂದೊಂದು. ನನ್ನ ಹಕ್ಕಿಗಳೂ ಮೂರರಲ್ಲೂ ಅಷ್ಟೇ ಇಟ್ಟವು. ಐದು ಇಡುವ ಹೆಣ್ಣು ಪೆಟ್ಟಿಗೆಯಲ್ಲೂ ಐದೇ ಇಟ್ಟಿತು, ಯಾವಾಗಲೋ ಒಂದು ಆಚೀಚೆ. ಅಭ್ಯಾಸ ಆಯಾ ಹೆಣ್ಣಿನದು. ಎಷ್ಟೇ ದೊಡ್ಡ ಜಾಗ ಕೊಟ್ಟರೂ ನಾಲ್ಕಕ್ಕೆ ನಿಲ್ಲಿಸುವ ಒಂದು ಹಳದಿ ಹೆಣ್ಣು ನನ್ನ ಹತ್ತಿರ ಇತ್ತು, ಅದರ ಹಟದ ಮುಂದೆ ನನ್ನ ಅಳತೆ ಪಟ್ಟಿ ಏನೂ ಅಲ್ಲ.

ಬದಲಾದದ್ದು ಮೊಟ್ಟೆ ಒಡೆದ ಮೇಲೆ. ಬಡ್ಜಿ ಹೆಣ್ಣು ಮೊದಲ ಒಂದೆರಡು ಮೊಟ್ಟೆ ಆದ ಕೂಡಲೇ ಕಾವಿಗೆ ಕೂತುಬಿಡುತ್ತದೆ. ಒಂದೊಂದು ಮೊಟ್ಟೆಗೆ ಸುಮಾರು 18 ದಿನ. ಅಂದರೆ ಇಟ್ಟ ಹಾಗೇ ದಿನ ಬಿಟ್ಟು ದಿನ ಮರಿ ಆಗುತ್ತವೆ. ಆರು ಮೊಟ್ಟೆ ಇದ್ದರೆ ಹಿರಿಯ ಮರಿಗೂ ಕಿರಿಯ ಮರಿಗೂ ಹೆಚ್ಚು ಕಡಿಮೆ ಹತ್ತು ದಿನದ ವ್ಯತ್ಯಾಸ. ಹಿರಿಯದು ಆಗಲೇ ಕಣ್ಣು ಬಿಟ್ಟು, ಗರಿ ಮೊಳೆಸಿಕೊಂಡು, ದಪ್ಪಗೆ ಕೂತಿರುತ್ತದೆ. ಕಿರಿಯದು ಆಗ ತಾನೇ ಹುಟ್ಟಿದ ಗುಲಾಬಿ ಬಣ್ಣದ ಹುಳುವಿನ ಹಾಗಿರುತ್ತದೆ, ಕತ್ತು ಎತ್ತಲೂ ಆಗುವುದಿಲ್ಲ. ಚಿಕ್ಕ ಮಡಕೆಯಲ್ಲಿ ಎಲ್ಲವೂ ತಳದ ಗುಳಿಗೆ ಜಾರಿ ಬಂದು ಒಂದರ ಮೇಲೊಂದು ಬೀಳುತ್ತವೆ. ಕೆಳಗಿರುವ ಚಿಕ್ಕದಕ್ಕೆ ತಾಯಿಯ ಗುಟುಕೂ ಸಿಗದು, ಗಾಳಿಯೂ ಸಿಗದು. ಹಿಕ್ಕೆ ಗಟ್ಟಿಯಾಗಿ ಮರಿಗಳ ಕಾಲಿಗೆ ಮೆತ್ತಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ದೊಡ್ಡ ಮರಿಗಳು ಮೂಲೆಗೆ ಸರಿದು ಕೂರಲು ಜಾಗ ಇರುತ್ತದೆ, ಚಿಕ್ಕವು ನಡುವೆ ಉಳಿಯುತ್ತವೆ. ಮೊಟ್ಟೆ ಎರಡೂ ಕಡೆ ಐದೇ, ಆದರೆ ಐದೂ ಮರಿ ಹೊರಗೆ ಬರೋದು ಪೆಟ್ಟಿಗೆಯಿಂದಲೇ ಜಾಸ್ತಿ.

ಹಾಗಂತ ಸುಮ್ನೆ ಯಾವುದೋ ಪೆಟ್ಟಿಗೆ ತಂದು ನೇತು ಹಾಕಿದರೆ ಆಗುವುದಿಲ್ಲ. ಬಡ್ಜಿ ಗೂಡು ಕಟ್ಟುವ ಹಕ್ಕಿಯಲ್ಲ. ಆಸ್ಟ್ರೇಲಿಯಾದಲ್ಲಿ ಅದು ನೀಲಗಿರಿ ಜಾತಿಯ ಮರಗಳ ಪೊಟರೆಯೊಳಗೆ, ಕೊಳೆತ ಮರದ ಪುಡಿಯ ಮೇಲೆ ಹಾಗೇ ಮೊಟ್ಟೆ ಇಡುತ್ತದೆ. ನೀವು ಹುಲ್ಲು ಕೊಟ್ಟರೂ ಎಳೆದು ಹೊರಗೆ ಎಸೆಯುತ್ತದೆ. ಆದ್ದರಿಂದ ತಳ ಸಪಾಟಾಗಿದ್ದರೆ ಮೊಟ್ಟೆಗಳು ಉರುಳಿ ನಾಲ್ಕು ಮೂಲೆಗೂ ಹೋಗುತ್ತವೆ. ಹೆಣ್ಣು ಮೂರರ ಮೇಲೆ ಕೂತಿರುತ್ತದೆ, ಎರಡು ಮೂಲೆಯಲ್ಲಿ ತಣ್ಣಗಾಗುತ್ತಿರುತ್ತವೆ. ದೊಡ್ಡ ಗೂಡಿನ ಮುಖ್ಯ ತೊಂದರೆಯೇ ಇದು. ಬಡಗಿಗೆ ಹೇಳಿ ಒಂದು ದಪ್ಪ ಹಲಗೆಯ ನಡುವೆ ಸಾಸರ್ ಥರ ಗುಳಿ ತೋಡಿಸಿ ತಳಕ್ಕೆ ಹಾಕಿ, ಅದರ ಮೇಲೆ ಒಂದು ಹಿಡಿ ಒರಟು ಮರದ ಹೊಟ್ಟು. ತೀರಾ ನುಣುಪಾದ ತಳದಲ್ಲಿ ಮರಿಗಳ ಕಾಲು ಎರಡು ಕಡೆಗೆ ಜಾರಿ ಸೊಟ್ಟಗಾಗುತ್ತದೆ. ನಮ್ಮ ಮಡಕೆಯ ದೊಡ್ಡ ಗುಣ ಈ ಗುಳಿಯೇ, ಅದನ್ನು ಪೆಟ್ಟಿಗೆಗೂ ತಂದುಕೊಳ್ಳಬೇಕು ಅಷ್ಟೇ.

ಫಿಂಚ್‌ಗಳ ಕಥೆ ಬೇರೆ, ಅವು ಕಟ್ಟುವ ಹಕ್ಕಿಗಳು. ಅಂಗಡಿಯಲ್ಲಿ ಸಿಗುವ ಬಿದಿರಿನ ದುಂಡು ಬುಟ್ಟಿಯಲ್ಲಿ ಎರಡು ಮೂರು ಅಳತೆ ಕೊಟ್ಟು ನೋಡಿದೆ. ಸಾಮಾನಿಗೆ ಒಣಗಿಸಿದ ಗರಿಕೆ, ತಿಪಟೂರು ಕಡೆಯಿಂದ ತಂದ ತೆಂಗಿನ ನಾರು. ನಾರನ್ನು ಬೆರಳುದ್ದಕ್ಕೆ ಕತ್ತರಿಸಿಯೇ ಕೊಡಬೇಕು, ಉದ್ದ ಇದ್ದರೆ ಕಾಲಿಗೆ ಸುತ್ತಿಕೊಂಡು ಹಕ್ಕಿ ನೇತಾಡುತ್ತದೆ. ಜೀಬ್ರಾ ಫಿಂಚ್‌ನಲ್ಲಿ ಗಂಡು ಹುಲ್ಲು ತಂದು ತಂದು ಕೊಡುತ್ತದೆ, ಹೆಣ್ಣು ಒಳಗೆ ಕೂತು ಹೊಂದಿಸುತ್ತದೆ. ಅದು ಹೊಂದಿಸುವ ರೀತಿ ನೋಡಬೇಕು ನೀವು. ಎದೆಯನ್ನು ಕೆಳಗೆ ಒತ್ತಿ, ಬಾಲ ಮೇಲೆತ್ತಿ, ಕಾಲಿನಿಂದ ಹಿಂದಕ್ಕೆ ಒದೆಯುತ್ತಾ, ಸ್ವಲ್ಪ ತಿರುಗಿ ಮತ್ತೆ ಒತ್ತುತ್ತದೆ. ಹೀಗೆ ಸುತ್ತುತ್ತಾ ಸುತ್ತುತ್ತಾ ಹುಲ್ಲಿನ ನಡುವೆ ಒಂದು ಬಟ್ಟಲು ಮೂಡುತ್ತದೆ. ಅದರ ಅಚ್ಚು ಹಕ್ಕಿಯ ಎದೆಯೇ.

ಇದೇ ಈ ಇಡೀ ವಿಷಯದ ಕೀಲಿಕೈ ಅನ್ನೋದು ನನ್ನ ಅಭಿಪ್ರಾಯ. ಬುಟ್ಟಿ ದೊಡ್ಡದು ಕೊಟ್ಟೆ, ಹಕ್ಕಿ ದೊಡ್ಡ ಬಟ್ಟಲು ಮಾಡಲಿಲ್ಲ. ಮಿಕ್ಕ ಜಾಗಕ್ಕೆಲ್ಲ ಹುಲ್ಲು ತುಂಬಿ, ನಡುವೆ ಮೊದಲಿನಷ್ಟೇ ಬಟ್ಟಲು ಮಾಡಿತು. ಮರಿ ಹೋದ ಮೇಲೆ ಎರಡೂ ಗೂಡು ಬಿಚ್ಚಿ ಸ್ಕೇಲ್ ಇಟ್ಟು ನೋಡಿದರೆ ಬಟ್ಟಲಿನ ಅಗಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಹುಲ್ಲಿನ ರಾಶಿ ಮಾತ್ರ ಎರಡರಷ್ಟು. ನಾವು ಹೊರಗಿನ ಅಳತೆ ನೋಡಿ ದೊಡ್ಡ ಗೂಡು, ಚಿಕ್ಕ ಗೂಡು ಅಂತೀವಿ. ಹಕ್ಕಿಗೆ ಲೆಕ್ಕಕ್ಕೆ ಬರೋದು ಒಳಗಿನ ಬಟ್ಟಲು. ಗೂಡು ಅಳೆಯೋದಾದರೆ ಅದನ್ನೇ ಅಳೆಯಿರಿ.

ಫಿಂಚ್‌ನಲ್ಲಿ ಇನ್ನೊಂದು ತಮಾಷೆ ಇದೆ, ಹೊಸಬರಿಗೆ ಅದು ತಮಾಷೆ ಅನ್ನಿಸೋದಿಲ್ಲ. ದೊಡ್ಡ ಬುಟ್ಟಿ ಇದ್ದು, ಪಂಜರದಲ್ಲಿ ಹುಲ್ಲೂ ಇದ್ದರೆ ಗಂಡು ತರೋದನ್ನು ನಿಲ್ಲಿಸುವುದೇ ಇಲ್ಲ. ಮೊಟ್ಟೆ ಇಟ್ಟ ಮೇಲೂ ತಂದು ಹಾಕುತ್ತದೆ. ಮೊಟ್ಟೆ ಹುಲ್ಲಿನಡಿ ಮುಚ್ಚಿಹೋಗುತ್ತದೆ, ಹೆಣ್ಣು ಮೇಲೆ ಹೊಸದಾಗಿ ಇಡುತ್ತದೆ. ಬಿಚ್ಚಿ ನೋಡಿದರೆ ಮೂರು ಪದರ ಇರುತ್ತದೆ, ಕೆಳಗಿನವೆಲ್ಲ ಹಾಳು. ಮೊಟ್ಟೆ ಲೆಕ್ಕ ಹಾಕಿದರೆ ಹತ್ತು ಹನ್ನೆರಡು! ದೊಡ್ಡ ಗೂಡಲ್ಲಿ ಜಾಸ್ತಿ ಮೊಟ್ಟೆ ಅಂತ ಫೋಟೋ ಹಾಕುವವರಲ್ಲಿ ಕೆಲವರದು ಈ ಥರದ್ದೇ. ಮೊದಲ ಮೊಟ್ಟೆ ಕಂಡ ದಿನವೇ ಪಂಜರದಲ್ಲಿ ಮಿಕ್ಕ ಹುಲ್ಲು, ನಾರು ಎಲ್ಲ ತೆಗೆದುಬಿಡಿ.

ಇನ್ನು ಕೆಲವು ಫೋಟೋಗಳಲ್ಲಿ ಇರುವುದು ಇಬ್ಬರು ತಾಯಂದಿರ ಮೊಟ್ಟೆ. ಬೆಂಗಾಲೀಸ್ ತುಂಬ ಹೊಂದಾಣಿಕೆಯ ಹಕ್ಕಿ, ನಾಲ್ಕೈದು ಹಕ್ಕಿ ಒಂದೇ ಬುಟ್ಟಿಯಲ್ಲಿ ಒತ್ತಿಕೊಂಡು ಮಲಗುತ್ತವೆ. ಅವುಗಳಲ್ಲಿ ಎರಡು ಹೆಣ್ಣಿದ್ದರೆ ಎರಡೂ ಅಲ್ಲೇ ಇಡುತ್ತವೆ. ಇದನ್ನು ಕಂಡುಹಿಡಿಯುವುದು ಸುಲಭ. ಫಿಂಚ್ ದಿನಕ್ಕೆ ಒಂದೇ ಮೊಟ್ಟೆ ಇಡೋದು, ಅದೂ ಬೆಳಗ್ಗೆ ಹೊತ್ತು. ನಿನ್ನೆ ಎರಡಿದ್ದದ್ದು ಇವತ್ತು ನಾಲ್ಕಾಗಿದ್ದರೆ ಅಲ್ಲಿ ಇನ್ನೊಬ್ಬಳು ಇದ್ದಾಳೆ ಅಂತ ಲೆಕ್ಕ. ಪೆನ್ಸಿಲ್ ನಂಬರ್ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಜಾಗ ಇದ್ದರೂ ಹೆಣ್ಣು ಯಾಕೆ ಜಾಸ್ತಿ ಇಡುವುದಿಲ್ಲ? ತಕ್ಕಡಿ ನೋಡಿದರೆ ಅರ್ಥ ಆಗುತ್ತದೆ. ಜೀಬ್ರಾ ಫಿಂಚ್ ಹೆಣ್ಣಿನ ತೂಕ 12ರಿಂದ 15 ಗ್ರಾಂ. ಒಂದು ಮೊಟ್ಟೆ ಸುಮಾರು ಒಂದು ಗ್ರಾಂ. ಐದು ಇಟ್ಟರೆ ತನ್ನ ಮೈತೂಕದ ಮೂರನೇ ಒಂದು ಭಾಗವನ್ನು ಐದು ದಿನದಲ್ಲಿ ಹೊರಗೆ ಹಾಕಿದ ಹಾಗಾಯಿತು. ಚಿಪ್ಪಿಗೆ ಬೇಕಾದ ಸುಣ್ಣ ಎಲ್ಲಿಂದ ಬರಬೇಕು? ತಿಂದದ್ದರಿಂದ, ಇಲ್ಲದಿದ್ದರೆ ಅದರ ಎಲುಬಿನಿಂದ. ಹಾಗೇ ಕಾವು ಕೊಡುವಾಗ ಹೊಟ್ಟೆಯ ಬರಿ ಚರ್ಮ ಮೊಟ್ಟೆಗೆ ತಾಗಬೇಕು. ಆ ಚರ್ಮದ ಅಗಲ ಎಷ್ಟಿದೆಯೋ ಅಷ್ಟೇ ಮೊಟ್ಟೆಗೆ ಸರಿಯಾದ ಶಾಖ.

ನಮ್ಮೂರಲ್ಲಿ ಅಜ್ಜಿ ನಾಟಿ ಕೋಳಿಯನ್ನು ಕಾವಿಗೆ ಕೂರಿಸುವಾಗ ಇದೇ ಲೆಕ್ಕ ಹಾಕುತ್ತಿದ್ದರು. ಹಳೇ ಮಂಕರಿಗೆ ಮರಳು, ಅದರ ಮೇಲೆ ಹೊಟ್ಟು, ನಡುವೆ ಗುಳಿ. "ಅದರ ಹೊಟ್ಟೆ ಕೆಳಗೆ ಎಷ್ಟು ಹಿಡಿಯುತ್ತೋ ಅಷ್ಟೇ ಇಡೋ" ಅನ್ನುತ್ತಿದ್ದರು. ಮೈ ತುಂಬಿದ ಹೇಟೆಗೆ ಹದಿಮೂರು, ಸಣ್ಣದಕ್ಕೆ ಒಂಬತ್ತು. ಮಂಕರಿ ಎಷ್ಟು ದೊಡ್ಡದು ಅಂತ ಯಾರೂ ನೋಡುತ್ತಿರಲಿಲ್ಲ. ಅಂಚಿನ ಮೊಟ್ಟೆ ತಣ್ಣಗಾದರೆ ಕೋಳಿ ಅದನ್ನು ಕೊಕ್ಕಿನಿಂದ ಒಳಗೆ ಎಳೆದುಕೊಂಡು ಒಳಗಿನದನ್ನು ಹೊರಗೆ ತಳ್ಳುತ್ತದೆ. ಜಾಸ್ತಿ ಇಟ್ಟರೆ ಒಂದೆರಡು ಅಲ್ಲ, ಸರದಿಯಲ್ಲಿ ಎಲ್ಲವೂ ತಣ್ಣಗಾಗುತ್ತವೆ.

ಇನ್ನು ಓದಿದ್ದು. ಈ ಪ್ರಶ್ನೆ ಹಿಡಿದು ಯುರೋಪಿನಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ 1947ರಿಂದ ಮರದ ಪೆಟ್ಟಿಗೆ ಕಟ್ಟಿ ಗ್ರೇಟ್ ಟಿಟ್ ಹಕ್ಕಿಯ ಮೊಟ್ಟೆ ಎಣಿಸುತ್ತಾ ಬಂದಿದ್ದಾರೆ. ಅದನ್ನು ಶುರು ಮಾಡಿದ ಪಕ್ಷಿ ವಿಜ್ಞಾನಿ ಡೇವಿಡ್ ಲ್ಯಾಕ್ ಹೇಳಿದ್ದು, ತಂದೆತಾಯಿ ಎಷ್ಟು ಮರಿಗೆ ಉಣಿಸಿ ಬೆಳೆಸಬಲ್ಲರೋ ಆ ಅಂದಾಜಿಗೇ ಮೊಟ್ಟೆಯ ಸಂಖ್ಯೆ ಬಂದು ನಿಂತಿದೆ ಅಂತ. ಆದರೆ 1973ರಲ್ಲಿ ಜರ್ಮನಿಯ ಪಕ್ಷಿ ವಿಜ್ಞಾನಿ ಲ್ಯೋರ್ಲ್ ಪೆಟ್ಟಿಗೆಯ ತಳದ ಅಗಲ ಬದಲಿಸಿ ನೋಡಿದಾಗ ಅದೇ ಗ್ರೇಟ್ ಟಿಟ್ ಅಗಲವಾದ ಪೆಟ್ಟಿಗೆಯಲ್ಲಿ ಜಾಸ್ತಿ ಮೊಟ್ಟೆ ಇಟ್ಟಿತು. 2014ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿದರು. 21 ಜಾತಿ, 17,472 ಗೂಡು. ಒಟ್ಟಾರೆ ನೋಡಿದರೆ ತಳ ದೊಡ್ಡದಾದ ಹಾಗೆ ಮೊಟ್ಟೆ ಹೆಚ್ಚು ಅಂತಲೇ ಬಂತು. ಆದರೆ ಎಷ್ಟು ಹೆಚ್ಚು ಅನ್ನೋದು ಜಾತಿಯಿಂದ ಜಾತಿಗೆ ಬೇರೆ, ಒಂದೇ ಜಾತಿಯಲ್ಲೂ ಜಾಗದಿಂದ ಜಾಗಕ್ಕೆ ಬೇರೆ.

ಹಾಗಾದರೆ ನನ್ನ ಪಂಜರದಲ್ಲಿ ಯಾಕೆ ಕಾಣಲಿಲ್ಲ? ನನಗೆ ಅನ್ನಿಸೋದು ಹೀಗೆ. ಇಂಗ್ಲೆಂಡಿನ ಗ್ರೇಟ್ ಟಿಟ್ ಒಂದು ಸಲಕ್ಕೆ ಎಂಟು ಒಂಬತ್ತು ಮೊಟ್ಟೆ ಇಡುವ ಹಕ್ಕಿ. ಅಷ್ಟು ಮರಿ ಒಂದೇ ಪೊಟರೆಯಲ್ಲಿ ಬೆಳೆಯುವಾಗ ಒಂದಿಂಚು ಜಾಗವೂ ಲೆಕ್ಕಕ್ಕೆ ಬರುತ್ತದೆ. ಅದರ ಹತ್ತಿರದ ನೆಂಟ, ನಮ್ಮ ಕಡೆಯ ಚೇಕಡಿ ಹಕ್ಕಿ, ನಾಲ್ಕರಿಂದ ಆರಕ್ಕೆ ನಿಲ್ಲಿಸುತ್ತದೆ. ಬಿಸಿ ನಾಡುಗಳಲ್ಲಿ ಹಕ್ಕಿಗಳು ಸಾಮಾನ್ಯವಾಗಿ ಕಡಿಮೆಯೇ ಇಡುತ್ತವೆ. ನನ್ನ ಹಕ್ಕಿಗಳಿಗೆ ನಾನು ಕೊಟ್ಟ ಚಿಕ್ಕ ಬುಟ್ಟಿಯೇ ಐದು ಮೊಟ್ಟೆಗೆ ಸಾಕಾಗಿತ್ತು, ಇನ್ನು ಹಿಗ್ಗಿಸಿ ಏನು ಮಾಡೋದು.

ಪಂಜರ ಬಿಟ್ಟು ಸುತ್ತ ನೋಡಿದರೂ ಇದು ಕಾಣುತ್ತದೆ. ಕಿಟಕಿ ಸಜ್ಜೆ ಮೇಲೆ ನಾಲ್ಕು ಕಡ್ಡಿ ಇಟ್ಟು ಅದನ್ನೇ ಗೂಡು ಅನ್ನುವ ಪಾರಿವಾಳಕ್ಕೆ ಇಡೀ ಸಜ್ಜೆ ಖಾಲಿ ಇದೆ, ಇಡೋದು ಎರಡೇ. ತಂತಿಗೆ ಜೇಡರ ಬಲೆ ಅಂಟಿಸಿ ಚೀಲದಂಥ ಗೂಡು ತೂಗುಹಾಕುವ ಸೂರಕ್ಕಿಗೂ ಎರಡೇ. ಕೆರೆ ಪಕ್ಕದ ಈಚಲು ಮರದಲ್ಲಿ ಗೀಜಗನ ಗೂಡು ನೋಡಿ, ಮೊಳದುದ್ದ ಇರುತ್ತದೆ. ಒಳಗೆ ಎರಡರಿಂದ ನಾಲ್ಕು ಮೊಟ್ಟೆ. ಆ ಉದ್ದ ಕೊಳವೆಯೆಲ್ಲ ಹಾವು, ಕಾಗೆಯಿಂದ ತಪ್ಪಿಸಿಕೊಳ್ಳೋಕೆ. ಗಂಡು ಅರ್ಧ ಕಟ್ಟಿದಾಗಲೇ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ, ಒಪ್ಪಿದರೆ ಗಂಡು ಮಿಕ್ಕದ್ದು ಮುಗಿಸುತ್ತದೆ. ಇನ್ನು ಹೊಲದಲ್ಲಿ ಗೂಡೇ ಕಟ್ಟದೆ ನಾಲ್ಕು ಕಲ್ಲಿನ ನಡುವೆ ಇಡುವ ಟಿಟ್ಟಿಭ ಇದೆ. ಜಾಗಕ್ಕೆ ಬೇಲಿಯೇ ಇಲ್ಲ, ಆದರೂ ನಾಲ್ಕೇ ಮೊಟ್ಟೆ, ಚೂಪು ತುದಿಗಳನ್ನು ಒಳಗೆ ಮಾಡಿ ಒತ್ತೊತ್ತಾಗಿ ಜೋಡಿಸಿಕೊಂಡು ಕೂರುತ್ತದೆ. ಇವನ್ನೆಲ್ಲ ದೂರದಿಂದ ನೋಡಿ ಸಾಕು, ಹತ್ತಿರ ಹೋಗಿ ಇಣುಕಿದರೆ ಕಾಗೆಗೆ ದಾರಿ ತೋರಿಸಿದ ಹಾಗೆ.

ದೊಡ್ಡ ಗೂಡು ನಿಜಕ್ಕೂ ಕೆಲಸಕ್ಕೆ ಬರೋದು ಬೇಸಿಗೆಯಲ್ಲಿ. ಏಪ್ರಿಲ್‌ನಲ್ಲಿ ಶೀಟಿನ ಕೆಳಗೆ ಮಧ್ಯಾಹ್ನ ನಿಲ್ಲೋಕೆ ಆಗುವುದಿಲ್ಲ. ಚಿಕ್ಕ ಬುಟ್ಟಿಯಲ್ಲಿ ಐದು ಮರಿ ಒತ್ತಿಕೊಂಡಿದ್ದರೆ ಅವುಗಳ ಮೈ ಶಾಖವೇ ಅವಕ್ಕೆ ಮುಳುವಾಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತವೆ, ಕೆಲವು ಹಾರಲು ಬಾರದಿದ್ದರೂ ಹೊರಗೆ ಧುಮುಕುತ್ತವೆ. ಅದಕ್ಕೆ ನಾನು ಮಾರ್ಚ್‌ನಿಂದ ಮೇವರೆಗೆ ಮರಿ ಮಾಡಿಸುವುದಿಲ್ಲ. ಮಾಡಿಸಲೇಬೇಕು ಅನ್ನೋರು ದೊಡ್ಡ ಮರದ ಪೆಟ್ಟಿಗೆಯನ್ನೇ ಕೊಡಿ, ಮೇಲ್ಭಾಗದಲ್ಲಿ ಗಾಳಿಗೆ ಎರಡು ಸಣ್ಣ ತೂತು ಕೊರೆಸಿ, ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ. ಚಳಿಗಾಲಕ್ಕೆ ಮಾತ್ರ ಚಿಕ್ಕ ಬುಟ್ಟಿಯೇ ವಾಸಿ, ಬೇಗ ಬೆಚ್ಚಗಾಗುತ್ತದೆ.

ಮೊಟ್ಟೆಯೇ ಜಾಸ್ತಿ ಬೇಕು ಅಂದರೆ ದುಡ್ಡನ್ನು ಮಡಕೆ ಮೇಲೆ ಹಾಕಬೇಡಿ, ತಟ್ಟೆ ಮೇಲೆ ಹಾಕಿ. ಬರೀ ನವಣೆ ತಿಂದ ಹೆಣ್ಣು ಮೂರು ನಾಲ್ಕಕ್ಕೆ ನಿಲ್ಲಿಸೋದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜೋಡಿ ಕೂಡಿಸುವ ಮೂರು ನಾಲ್ಕು ವಾರ ಮೊದಲಿಂದಲೇ ನೆನೆಸಿ ಮೊಳಕೆ ಬರಿಸಿದ ಕಾಳು, ಬೇಯಿಸಿದ ಕೋಳಿಮೊಟ್ಟೆ ಸ್ವಲ್ಪ, ಕೊತ್ತಂಬರಿ ಸೊಪ್ಪು, ಸುಣ್ಣದ ಅಂಶಕ್ಕೆ ಹಗಲಿಡೀ ಕಟಲ್ ಮೀನಿನ ಎಲುಬು, ಅಂದರೆ ಕಟಲ್‌ಬೋನ್. ಸುಣ್ಣದ ಅಂಶ ಕಡಿಮೆಯಾದರೆ ಚಿಪ್ಪು ತೆಳ್ಳಗಾಗಿ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಣ್ಣು ಮೈ ಉಬ್ಬಿಸಿಕೊಂಡು ಪಂಜರದ ನೆಲದಲ್ಲಿ ಕೂತಿದ್ದರೆ ತಡ ಮಾಡದೆ ಬೆಚ್ಚಗಿಟ್ಟು ಪಶುವೈದ್ಯರ ಹತ್ತಿರ ಓಡಿ.

ಮೊಟ್ಟೆ ತೆಗೆಯುತ್ತಾ ಹೋದರೆ ಇಡುತ್ತಾ ಹೋಗುತ್ತದೆ ಅನ್ನೋ ಉಪಾಯವೂ ಕೆಲವರಿಗೆ ಗೊತ್ತು. ಕೋಳಿಯಲ್ಲಿ ನಾವು ಮಾಡುವುದೇ ಅದು. 19ನೇ ಶತಮಾನದಲ್ಲಿ ಅಮೆರಿಕದಲ್ಲಿ ಫ್ಲಿಕರ್ ಅನ್ನೋ ಮರಕುಟಿಗದ ಗೂಡಿಂದ ದಿನಾ ಮೊಟ್ಟೆ ತೆಗೆಯುತ್ತಾ ಬಂದರೆ ಅದು 73 ದಿನದಲ್ಲಿ 71 ಮೊಟ್ಟೆ ಇಟ್ಟಿತಂತೆ. ಪೊಟರೆ ಮಾತ್ರ ಅದೇ ಹಳೇ ಪೊಟರೆ. ಪಂಜರದ ಹಕ್ಕಿಗೆ ಹೀಗೆ ಮಾಡಬೇಡಿ, ಎರಡು ಮೂರು ಸಲಕ್ಕೆ ಹೆಣ್ಣು ಸೋತು ಸುಣ್ಣವಾಗುತ್ತದೆ.

ಬಡ್ಜಿಗೆ ಗೂಡು ಕಣ್ಣಿಗೆ ಬೀಳುತ್ತಿರುವವರೆಗೂ ಇಡುವ ಮನಸ್ಸು ಇದ್ದೇ ಇರುತ್ತದೆ. ಒಂದು ಗುಂಪು ಮರಿ ಹಾರುವ ಮುಂಚೆಯೇ ಮುಂದಿನದಕ್ಕೆ ಶುರು ಮಾಡಿಬಿಡುತ್ತದೆ. ನಾನು ವರ್ಷಕ್ಕೆ ಎರಡು ಸಲ ಮರಿ ಮಾಡಿಸಿ, ಪೆಟ್ಟಿಗೆ ಕಳಚಿ, ತೊಳೆದು, ಬಿಸಿಲಿಗೆ ಒಣಗಿಸಿ, ಹುಳ ಆಗದಿರಲಿ ಅಂತ ಒಣ ಬೇವಿನೆಲೆ ಹಾಕಿ ಅಟ್ಟಕ್ಕೆ ಸೇರಿಸುತ್ತೇನೆ. ಪೆಟ್ಟಿಗೆ ತೆಗೆದ ಒಂದೆರಡು ದಿನ ಹೆಣ್ಣು ಗಲಾಟೆ ಮಾಡುತ್ತದೆ, ಕಾಳಿನ ಬಟ್ಟಲಲ್ಲೇ ಕೂತು ಜಾಗ ನೋಡುತ್ತದೆ. ಆಗ ಅಗಲದ ಬಟ್ಟಲು ತೆಗೆದು ಕಿರಿದಾದದ್ದು ಇಡಿ. ಇಲ್ಲದಿದ್ದರೆ ಕಾಳಿನ ಮೇಲೇ ಮೊಟ್ಟೆ ಇಟ್ಟುಬಿಡುತ್ತದೆ.